ಇನ್ನೊಬ್ಬನ ಹಾಡು ಹಾಡಿದ ಲೊಂಜೋ

ಅಲೊಂಜೋ ಗ್ರಿಸೆಟ್, ನಮಗೆಲ್ಲ ಲೊಂಜೋ, ಹಾಡುಗಾರನಾಗಬೇಕೆಂದು ಕನಸು ಕಂಡವನಲ್ಲ. 1972ರಲ್ಲಿ ಅವನಿಗೆ ಇಪ್ಪತ್ತೈದು ವರ್ಷ. ಅಮೆರಿಕದ ಓಹಾಯೋದಲ್ಲಿನ ನಮ್ಮ ಊರು ಡೇಟನ್ನಿನ ಒಂದು ಫ್ರಿಜ್ ಕಾರ್ಖಾನೆಯಲ್ಲಿ ಬಾಗಿಲುಗಳಿಗೆ ಬಣ್ಣ ಹೊಡೆಯುವ ಕೆಲಸ. ಭಾನುವಾರ ಚರ್ಚಿನ ಗಾಯನ ಮೇಳದಲ್ಲಿ ಹಿಂದಿನ ಸಾಲಿನಲ್ಲಿ, ದಪ್ಪ ದನಿಯ ಗಂಡಸರ ನಡುವೆ ನಿಂತು ಹಾಡುವುದು. ಸೋಮವಾರ ಮತ್ತೆ ಬಣ್ಣ. ಹೆಂಡತಿ ಅರ್ನೆಟ್ಟಾ ಹೊಲಿಗೆ ಬಲ್ಲವಳು, ಆಗ ಬಸುರಿ. ಅವನ ಬದುಕು ಆ ದಾರಿಯಲ್ಲೇ ಸಾಗಿದ್ದರೆ ಅವನು ಇಷ್ಟು ದಣಿಯುತ್ತಿರಲಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ದಾರಿಯಿಂದ ಅವನನ್ನು ಎಳೆದು ತಂದವರು ನಾವು. ನಾವು ಎಂದರೆ ಫಿಫ್ತ್ ಸ್ಟ್ರೀಟ್ ಮೂವರ್ಸ್ ಬ್ಯಾಂಡಿನವರು. ನಾನು ಅದರಲ್ಲಿ ಟ್ರೋಂಬೋನ್ ಊದುತ್ತಿದ್ದೆ. ನನಗೆ ಅಪ್ಪ ಇಟ್ಟ ಹೆಸರು ಬೇರೆಯಿದೆ, ಆದರೆ ಊರಿನ ಪಶ್ಚಿಮ ಭಾಗದಲ್ಲಿ ಯಾರನ್ನು ಕೇಳಿದರೂ ನಾನು ಟಬ್. ನನ್ನ ಹೊಟ್ಟೆಯ ಸುತ್ತಳತೆ ನೋಡಿ ಇಟ್ಟ ಹೆಸರು ಅದು. ಆಗ ನಮ್ಮ ಕಡೆ ಬೀದಿಗೊಂದು ಬ್ಯಾಂಡಿತ್ತು. ಹುಡುಗರು ಶಾಲೆಯಲ್ಲಿ ಊದಲು ಕಲಿತು, ಕಾರ್ಖಾನೆ ಸೇರಿ, ಮೊದಲ ಸಂಬಳಕ್ಕೆ ಆಂಪ್ಲಿಫೈಯರ್ ಕೊಂಡು ತರುತ್ತಿದ್ದರು. ನಮ್ಮ ಬ್ಯಾಂಡಿನ ಯಜಮಾನ ವರ್ಡೆಲ್ ಸೈಕ್ಸ್, ಬಾಸ್ ಗಿಟಾರ್ ನುಡಿಸುವವನು. ಅವನ ತಾಯಿ ಮಿಸ್ ಯೂಲಾ ಅವರ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ನಮ್ಮ ಅಭ್ಯಾಸ.

ಬ್ಯಾಂಡಿನ ಮೊದಲ ಗಾಯಕ ಲೊಂಜೋ ಅಲ್ಲ, ಥಾಡಿಯಸ್ ಮಬ್ರಿ. ಎತ್ತರದ ಆಳು, ತೆಳ್ಳಗೆ ಮೇಲಕ್ಕೆ ಏರುವ ಕೊರಳು. ಅವನು ಹಾಡಿದ ‘ಒಲೆ ಇನ್ನೂ ಬಿಸಿಯಿದೆ’ ಎಂಬ ಹಾಡಿನ ರೆಕಾರ್ಡ್ ಆ ವರ್ಷ ಸೆಪ್ಟೆಂಬರಿನಲ್ಲಿ ಹೊರಬಂತು. ಮುನಿಸಿಕೊಂಡು ಹೋದ ಹೆಂಡತಿಗೆ ಗಂಡ ಹೇಳುವ ಮಾತು ಅದು: ಒಲೆ ಆರಿಲ್ಲ, ಊಟ ಇದೆ, ಬಾ. ಅಕ್ಟೋಬರಿಗೆ ಸಿನ್ಸಿನಾಟಿಯಿಂದ ಡೆಟ್ರಾಯಿಟಿನ ತನಕ ರೇಡಿಯೋದಲ್ಲಿ ಅದೇ ಹಾಡು. ನವೆಂಬರಿನ ಒಂದು ಭಾನುವಾರ ಥಾಡಿಯಸ್ ಚರ್ಚಿನಿಂದ ನೇರ ವರ್ಡೆಲ್ ಮನೆಗೆ ಬಂದು ಅಂಗಳದಲ್ಲೇ ನಿಂತ.

"ನಾನಿನ್ನು ಬರಲ್ಲ ವರ್ಡೆಲ್. ಇವತ್ತು ದೇವರ ಮುಂದೆ ಮಾತು ಕೊಟ್ಟು ಬಂದೆ. ಇನ್ನು ಮೇಲೆ ಹಾಡಿದ್ರೆ ಅವನಿಗೇ."

"ಗಂಟೆಗೊಂದು ಸಲ ರೇಡಿಯೋದಲ್ಲಿ ನಿನ್ನ ದನಿ ಬರ್ತಿದೆ ಕಣೋ!"

"ಅದಕ್ಕೇ," ಎಂದ ಥಾಡಿಯಸ್. ಹೋಗಿಬಿಟ್ಟ.

ಅವನು ನಮ್ಮ ಜೊತೆ ಇದ್ದದ್ದು ಒಟ್ಟು ಹನ್ನೊಂದು ತಿಂಗಳು. ನಮಗೆ ಒಂಬತ್ತು ದಿನದಲ್ಲಿ ಇಂಡಿಯಾನಾದ ಗ್ಯಾರಿಯಲ್ಲಿ ಕಾರ್ಯಕ್ರಮವಿತ್ತು. ವರ್ಡೆಲ್ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಮಿಸ್ ಯೂಲಾ ಬಟ್ಟೆ ಮಡಚುತ್ತಲೇ ಹೇಳಿದರು: "ನಮ್ ಚರ್ಚಲ್ಲಿ ಹಿಂದಿನ ಸಾಲಲ್ಲಿ ಒಬ್ಬ ನಿಲ್ತಾನೆ. ಬಾಯಿ ಸತ್ತೋನು. ಕಣ್ ಮುಚ್ಚಿ ಕೇಳಿದ್ರೆ ಥಾಡಿಯಸ್ಸೇ ಅನ್ಸುತ್ತೆ. ಶೀತ ಆದ ಥಾಡಿಯಸ್."

ಹಾಗೆ ಲೊಂಜೋ ನೆಲಮಾಳಿಗೆಗೆ ಇಳಿದು ಬಂದ. ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಇನ್ನೂ ಇತ್ತು. ಒಂದು ಸಲ ತನ್ನಷ್ಟಕ್ಕೆ ತಾನು ಹಾಡಿದ. ಚೆನ್ನಾಗಿತ್ತು, ಕೆಳಗಿನ ದನಿ, ಮಣ್ಣಿನಂಥ ದನಿ. ವರ್ಡೆಲ್ ಬೇಡವೆಂದು ತಲೆಯಾಡಿಸಿದ. ರೆಕಾರ್ಡ್ ಹಾಕಿ ಕೇಳಿಸಿದ.

"ಇದರ ಹಾಗೆ ಹಾಡು. ನಿನ್ ಹಾಗಲ್ಲ. ಎಲ್ಲಿ ಎಳೀತಾನೋ ಅಲ್ಲಿ ಎಳಿ, ಎಲ್ಲಿ ಉಸಿರು ತಗೋತಾನೋ ಅಲ್ಲೇ ತಗೋ. ಜನ ರೇಡಿಯೋದಲ್ಲಿ ಕೇಳಿರೋದು ಇದನ್ನ."

"ಎಷ್ಟು ದಿನ?" ಎಂದು ಲೊಂಜೋ ಕೇಳಿದ.

"ಈ ಹಾಡು ತಣ್ಣಗಾಗೋ ತನಕ. ಆಮೇಲೆ ನಿನ್ ದನೀಲಿ ಹೊಸದು ಮಾಡೋಣ."

ಆ ಹಾಡಿನ ಎರಡನೇ ಚರಣದಲ್ಲಿ ಒಂದು ಜಾಗವಿದೆ. ಸಾಲು ಅರ್ಧಕ್ಕೆ ಮುರಿದು, ಒಂದು ಬಿಕ್ಕಿನಂಥ ಉಸಿರು ಕೇಳಿಸಿ, ಮತ್ತೆ ಹಾಡು ಶುರುವಾಗುತ್ತದೆ. ಜನಕ್ಕೆ ಆ ಬಿಕ್ಕೆಂದರೆ ಪ್ರಾಣ. ಅದನ್ನು ಕಲಿಯುವುದಕ್ಕೇ ಲೊಂಜೋಗೆ ನಾಲ್ಕು ದಿನ ಹಿಡಿಯಿತು. ನಾವು ಥಾಡಿಯಸ್‌ಗೆ ಹೊಲಿಸಿದ್ದ ಹಸಿರು ಮಖಮಲ್ಲಿನ ಸೂಟನ್ನು ಅರ್ನೆಟ್ಟಾ ಕಾಲು ಮಡಚಿ, ಸೊಂಟ ಬಿಚ್ಚಿ, ಗಂಡನ ಅಳತೆಗೆ ತಂದಳು. "ಹೆಗಲು ಮಾತ್ರ ಏನು ಮಾಡಿದ್ರೂ ಕೂರ್ತಿಲ್ಲ," ಎಂದು ಗೊಣಗಿದಳು. ಗ್ಯಾರಿಯಲ್ಲಿ ಸಾವಿರ ಜನ ಎದ್ದು ಕುಣಿದರು. ರೆಕಾರ್ಡಿನ ಹೊದಿಕೆಯ ಮೇಲೆ ಇದ್ದದ್ದು ಒಂದು ಒಲೆಯ ಚಿತ್ರ ಮಾತ್ರ, ನಮ್ಮ ಯಾರ ಮುಖವೂ ಇರಲಿಲ್ಲ. ಹಾಗಾಗಿ ಒಬ್ಬರಿಗೂ ಗೊತ್ತಾಗಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹೆಂಗಸು ರೆಕಾರ್ಡ್ ತಂದು ಸಹಿ ಕೇಳಿದಳು. ಲೊಂಜೋ ಪೆನ್ನು ಹಿಡಿದುಕೊಂಡು ನಮ್ಮ ಕಡೆ ತಿರುಗಿದ.

"ಯಾರ ಹೆಸರು ಬರೀಲಿ?"

"ಬ್ಯಾಂಡ್ ಹೆಸರು ಬರಿ," ಎಂದ ವರ್ಡೆಲ್.

ಅವತ್ತಿನಿಂದ ಅವನು ಹಾಗೇ ಬರೆದ. ಟೊಲೀಡೋ, ಬರ್ಮಿಂಗ್‌ಹ್ಯಾಮ್, ಚಟ್ಟನೂಗ, ಮೇಕನ್. ಮಿಸ್ ಯೂಲಾ ಮೇಣದ ಕಾಗದದಲ್ಲಿ ಸುತ್ತಿಕೊಟ್ಟ ಕರಿದ ಕೋಳಿ, ಬನ್ನಿನಂಥ, ತಣ್ಣಗಾದ ಬಿಸ್ಕತ್ತು, ವ್ಯಾನಿನ ಹಿಂದಿನ ಸೀಟಿನಲ್ಲಿ ಡ್ರಮ್ಮಿನ ಮೇಲೆ ಕಾಲು ಚಾಚಿ ನಿದ್ದೆ. ದಕ್ಷಿಣದ ಕೆಲವು ಊರುಗಳಲ್ಲಿ ನಮ್ಮಂಥ ಕಪ್ಪು ಜನ ಇಳಿದುಕೊಳ್ಳಲು ಒಂದೇ ಮನೆ ಇರುತ್ತಿತ್ತು, ಯಾರೋ ವಿಧವೆಯದು. ಅಲ್ಲಿ ಒಂಬತ್ತು ಜನಕ್ಕೆ ಮೂರು ಹಾಸಿಗೆ. ನಾನು ಅಡ್ಡ ಬಿದ್ದರೆ ಇಬ್ಬರ ಜಾಗ ಹೋಯಿತೆಂದು ನನ್ನನ್ನು ನೆಲಕ್ಕೆ ತಳ್ಳುತ್ತಿದ್ದರು. ಲೊಂಜೋ ಯಾವತ್ತೂ ದೂರಿದವನಲ್ಲ. ಬೆಳಗ್ಗೆ ಎದ್ದು ಉಪ್ಪುನೀರು ಮುಕ್ಕಳಿಸುತ್ತ ಹಿತ್ತಲಲ್ಲಿ ನಿಂತಿರುತ್ತಿದ್ದ, ಅಷ್ಟೇ.

ಹಾಡು ತಣ್ಣಗಾಗಲಿಲ್ಲ. ಆಮೇಲೆ ನಾವು ಇನ್ನೂ ಎರಡು ದೊಡ್ಡ ರೆಕಾರ್ಡ್ ಮಾಡಿದೆವು, ಅವುಗಳಲ್ಲಿ ಇದ್ದದ್ದು ಲೊಂಜೋನ ದನಿಯೇ. ಒಂದರಲ್ಲಿ ಅವನೇ ಬರೆದ ಹಾಡಿತ್ತು, ‘ಮೂರನೇ ಪಾಳಿ’. ರಾತ್ರಿ ಪಾಳಿ ಮುಗಿಸಿ ಬರುವ ಅಪ್ಪ, ಶಾಲೆಗೆ ಹೊರಟ ಮಗ, ಇಬ್ಬರೂ ಬಾಗಿಲಲ್ಲಿ ಒಂದು ನಿಮಿಷ ಎದುರಾಗುವುದು. ಕೆಳಗಿನ ದನಿಯಲ್ಲಿ, ಅವಸರವಿಲ್ಲದೆ ಹಾಡುತ್ತಿದ್ದ. ನಾನು ಊದಿದ ಹಾಡುಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ವೇದಿಕೆ ಮೇಲೆ ಅದನ್ನು ಶುರು ಮಾಡಿದರೆ ಜನ ಬಿಯರಿಗೆ ಏಳುತ್ತಿದ್ದರು. ಯಾರಾದರೊಬ್ಬ ಹಿಂದಿನಿಂದ ಕೂಗುತ್ತಿದ್ದ: "ಲೇ, ಒಲೆ ಹಚ್ಚೋ!" ಎಲ್ಲರೂ ನಗುತ್ತಿದ್ದರು. ಲೊಂಜೋ ಕೂಡ ನಗುತ್ತಿದ್ದ, ನಕ್ಕು ವರ್ಡೆಲ್ ಕಡೆ ಕಣ್ಣು ಹಾಯಿಸುತ್ತಿದ್ದ. ವರ್ಡೆಲ್ ಬಾಸನ್ನು ಒಲೆಯ ಹಾಡಿಗೆ ತಿರುಗಿಸುತ್ತಿದ್ದ. ಒಂದೆರಡು ವರ್ಷದ ಮೇಲೆ ಅವನು ‘ಮೂರನೇ ಪಾಳಿ’ ಹಾಡುವುದನ್ನೇ ಬಿಟ್ಟ.

ಎಂಬತ್ತರ ದಶಕ ಬಂದಾಗ ಊದುವವರು ಯಾರಿಗೂ ಬೇಡವಾದರು. ಒಂದು ಕೀಬೋರ್ಡ್ ಇದ್ದರೆ ಸಾಕಿತ್ತು. ಕಾರ್ಖಾನೆ ಅದಕ್ಕೂ ಮೊದಲೇ ಮುಚ್ಚಿತ್ತು. ನಾನು ಶಾಲೆಯೊಂದರಲ್ಲಿ ಕಾವಲು ಮತ್ತು ಶುಚಿಯ ಕೆಲಸ ಹಿಡಿದೆ. ಲೊಂಜೋ ನಗರದ ವಿದ್ಯುತ್ ಬಸ್ಸಿನ ಚಾಲಕನಾದ, ತಲೆ ಮೇಲಿನ ತಂತಿಗೆ ಎರಡು ಉದ್ದ ಕೋಲು ತಗಲಿಸಿಕೊಂಡು ಓಡುವ ಬಸ್ಸು. ವಾರಪೂರ್ತಿ ಸ್ಟಿಯರಿಂಗ್, ಶನಿವಾರ ಒಂದು ಮದುವೆಯೋ, ಹಳೇ ವಿದ್ಯಾರ್ಥಿಗಳ ಕೂಟವೋ, ಬೇಸಿಗೆಯಲ್ಲಿ ಪಾರ್ಕೋ. ಅಲ್ಲೂ ಅದೇ ಹಾಡು. ಅವನದಲ್ಲದ ಎತ್ತರಕ್ಕೆ ಹತ್ತು ವರ್ಷ ಕೊರಳನ್ನು ಎಳೆದದ್ದಕ್ಕೆ ಒಳಗೆ ಗಂಟಾಗಿತ್ತು. ಡಾಕ್ಟರು ಆರು ತಿಂಗಳು ಹಾಡಬೇಡ ಎಂದರು. ಅವನು ಆರು ವಾರ ಬಿಟ್ಟ. ವರ್ಡೆಲ್ ಉದಾರಿಯಂತೆ ಶ್ರುತಿಯನ್ನು ಒಂದು ಮನೆ ಇಳಿಸಿಕೊಟ್ಟ.

"ಬಿಟ್ಬಿಡು ಲೊಂಜೋ," ಎಂದು ನಾನು ಒಮ್ಮೆ ಹೇಳಿದ್ದೆ.

"ಬಿಟ್ರೆ ಹಾಡೋರು ಯಾರು? ನೀನ್ ಹಾಡ್ತೀಯಾ? ನೀನ್ ಮೆಟ್ಲು ಹತ್ತಿದ್ರೇ ಉಬ್ಬಸ ಬರುತ್ತೆ ನಿಂಗೆ."

ನಿಜವಾದ ಕಾರಣ ಅದಲ್ಲವೆಂದು ನನಗೆ ಗೊತ್ತಿತ್ತು. ಆ ಮೂರೂವರೆ ನಿಮಿಷ ಜನ ಅವನ ಮುಖ ನೋಡುತ್ತಿದ್ದ ರೀತಿಯನ್ನು ಬಿಡುವುದು ಕಷ್ಟ. ಅದು ಇನ್ನೊಬ್ಬನಿಗೆ ಸೇರಬೇಕಾದ ನೋಟವಾದರೂ ಸರಿ.

ಆ ಇನ್ನೊಬ್ಬ ಅದೇ ಊರಿನಲ್ಲಿದ್ದ. ಥಾಡಿಯಸ್ ಅಷ್ಟರಲ್ಲಿ ಪಾಸ್ಟರ್ ಮಬ್ರಿ ಆಗಿದ್ದ. ಜರ್ಮನ್‌ಟೌನ್ ರಸ್ತೆಯಲ್ಲಿ ಹಿಂದೆ ಚಪ್ಪಲಿ ಅಂಗಡಿಯಾಗಿದ್ದ ಕಟ್ಟಡದಲ್ಲಿ ಅವನ ಸಣ್ಣ ಚರ್ಚು. ದಾರಿಯಲ್ಲಿ ಸಿಕ್ಕರೆ ಇಬ್ಬರೂ ಟೋಪಿ ಮುಟ್ಟಿ ಮುಂದೆ ಹೋಗುತ್ತಿದ್ದರು. ಇಪ್ಪತ್ತು ವರ್ಷ ಅವರು ಆ ಹಾಡಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

1993ರ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಲೊಂಜೋನ ಬಸ್ಸು ಥರ್ಡ್ ಸ್ಟ್ರೀಟಿನಲ್ಲಿ ನಿಂತುಬಿಟ್ಟಿತು. ತಂತಿಯ ಮೇಲೆ ಮಂಜು ಕಟ್ಟಿ ಕರೆಂಟು ಹೋಗಿತ್ತು. ಜನ ಬೈದುಕೊಂಡು ಇಳಿದು ನಡೆದರು. ಉಳಿದದ್ದು ಒಬ್ಬರೇ, ಹಿಂದಿನ ಸೀಟಿನಲ್ಲಿ ಪಾಸ್ಟರ್ ಮಬ್ರಿ. ಮೊಣಕಾಲು ನೋವಿದ್ದದ್ದರಿಂದ ಮಂಜಿನಲ್ಲಿ ನಡೆಯುವಂತಿರಲಿಲ್ಲ. ಸ್ವಲ್ಪ ಹೊತ್ತಿಗೆ ಆತ ಎದ್ದು, ಕಂಬಿ ಹಿಡಿದುಕೊಂಡು ಬಂದು ಚಾಲಕನ ಹಿಂದಿನ ಸೀಟಿನಲ್ಲಿ ಕೂತ. ಅವತ್ತು ನಡೆದದ್ದನ್ನು ಲೊಂಜೋ ಮಾರನೆಯ ದಿನ ನಮ್ಮ ಮನೆಗೆ ಬಂದು ನನಗೆ ಹೇಳಿದ.

"ಒಂದು ಕೇಳ್ಲಾ?" ಎಂದನಂತೆ ಪಾಸ್ಟರ್. "ಎರಡನೇ ಚರಣದಲ್ಲಿ ಆ ಬಿಕ್ಕು ಇದೆಯಲ್ಲ. ಅದನ್ನ ಯಾಕೆ ಇನ್ನೂ ಹಾಡ್ತೀಯಾ?"

"ನೀವು ಹಾಡಿರೋದು ಹಾಗೇ ಅಲ್ವಾ ಪಾಸ್ಟರೇ?"

"ಅಯ್ಯೋ ತಮ್ಮಾ. ರೆಕಾರ್ಡ್ ಮಾಡೋ ದಿನ ನಂಗೆ ಜ್ವರ. ಎದೇಲಿ ಕಫ. ಅಲ್ಲಿ ಕೆಮ್ಮು ಬಂತು, ನುಂಗ್ಕೊಂಡೆ. ಇನ್ನೊಂದ್ ಸಲ ಹಾಡ್ತೀನಿ ಅಂದ್ರೆ ವರ್ಡೆಲ್ ಹೊತ್ತಾಯ್ತು ಅಂದ. ಅದು ನನ್ ತಪ್ಪು. ನೀನು ಇಪ್ಪತ್ತು ವರ್ಷದಿಂದ ನನ್ ತಪ್ಪನ್ನೇ ಹಾಡ್ತಿದೀಯಾ."

ಲೊಂಜೋ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕನಂತೆ. ಎಷ್ಟು ನಕ್ಕನೆಂದರೆ ಪಾಸ್ಟರ್ ಗಾಬರಿಯಿಂದ ಅವನ ಬೆನ್ನು ಮುಟ್ಟಿದನಂತೆ. ಆಮೇಲೆ ಲೊಂಜೋ ಕೇಳಿದ: "ನಾನು ಇನ್ನೂ ಅದನ್ನ ಹಾಡ್ತೀನಿ ಅಂತ ನಿಮ್ಗೆ ಹ್ಯಾಗ್ ಗೊತ್ತು?"

ಪಾಸ್ಟರ್ ಕಿಟಕಿಯಾಚೆ ನೋಡಿದ. "ಜುಲೈಯಲ್ಲಿ ಪಾರ್ಕಲ್ಲಿ ಹಾಡ್ತೀರಲ್ಲ. ಬೇಲಿ ಆಚೆ ಕಾರ್ ನಿಲ್ಲಿಸ್ಕೊಂಡು ಕೂತಿರ್ತೀನಿ. ನಾನು ಹಾಡಲ್ಲ ಅಂತ ಮಾತು ಕೊಟ್ಟಿದೀನಿ. ಕೇಳಲ್ಲ ಅಂತ ಕೊಟ್ಟಿಲ್ಲ." ಮತ್ತೆ ಹೇಳಿದ: "ಕೊನೇಲಿ ನೀನೊಂದು ಗುನುಗು ಹಾಕ್ತೀಯಲ್ಲ, ಕೆಳಗಿನ ದನೀಲಿ? ಅದು ನಂದಲ್ಲ. ಅದು ಚೆನ್ನಾಗಿದೆ."

ಕರೆಂಟು ಬಂತು. ಬಸ್ಸು ಹೊರಟಿತು.

ಇದನ್ನು ನನಗೆ ಹೇಳುವಾಗ ಲೊಂಜೋ ನಗುತ್ತಿರಲಿಲ್ಲ. "ಟಬ್, ನಂಗೆ ಆ ಕೆಮ್ಮು ಕಲಿಯೋಕೆ ನಾಲ್ಕ್ ದಿನ ಹಿಡೀತು ಕಣೋ," ಎಂದ. ಮುಂದಿನ ಶನಿವಾರದ ಕಾರ್ಯಕ್ರಮದಲ್ಲಿ ಅವನು ಬಿಕ್ಕನ್ನು ಬಿಟ್ಟು ಸಾಲನ್ನು ನೇರವಾಗಿ ಹಾಡಿದ. ಜನ ಮುಖ ಮುಖ ನೋಡಿಕೊಂಡರು. ವಿರಾಮದಲ್ಲಿ ಒಬ್ಬಳು ಬಂದು, "ಏನಣ್ಣಾ, ವಯಸ್ಸಾಯ್ತಾ? ಅಲ್ಲಿ ಮರೆತೇ ಹೋದ್ರಲ್ಲ," ಎಂದಳು. ಅದರ ಮುಂದಿನ ವಾರದಿಂದ ಮತ್ತೆ ಬಿಕ್ಕು ಬಂತು.

ಹಾಗೇ ಇನ್ನೂ ಹನ್ನೊಂದು ವರ್ಷ.

2004ರಲ್ಲಿ ಊರಿನ ಹಳೆಯ ಬ್ಯಾಂಡುಗಳ ನೆನಪಿಗೆ ಫಿಫ್ತ್ ಸ್ಟ್ರೀಟಿನ ಮೂಲೆಯಲ್ಲಿ ಬ್ಯಾಂಡಿಗೊಂದು ಕಲ್ಲು ನಿಲ್ಲಿಸಬೇಕೆಂದು ಕೆಲವರು ಸೇರಿ ಸಮಿತಿ ಮಾಡಿಕೊಂಡರು. ನಮ್ಮ ಬ್ಯಾಂಡಿನದೂ ಒಂದು ಕಲ್ಲು. ಸಮಿತಿಯ ನಿಯಮ ಸರಳವಾಗಿತ್ತು: ಹೆಸರಾದ ರೆಕಾರ್ಡಿನಲ್ಲಿ ಯಾರು ನುಡಿಸಿದ್ದಾರೋ ಅವರ ಹೆಸರು ಮಾತ್ರ. ವರ್ಡೆಲ್ ಪಟ್ಟಿ ತಂದು ನನಗೆ ತೋರಿಸಿದ. ಬಾಸ್ ವರ್ಡೆಲ್ ಸೈಕ್ಸ್. ಗಾಯನ ಥಾಡಿಯಸ್ ಮಬ್ರಿ. ನಾಲ್ಕನೆಯ ಸಾಲಿನಲ್ಲಿ ನಾನು, ಅಪ್ಪ ಇಟ್ಟ ಹೆಸರಿನಲ್ಲಿ. ಲೊಂಜೋ ಎಲ್ಲೂ ಇರಲಿಲ್ಲ.

"ಇದು ಸರಿಯಿಲ್ಲ," ಎಂದೆ.

"ಸರಿಯಿಲ್ಲ ಅಂತ ನಂಗೂ ಗೊತ್ತು. ನಿಯಮ ಅವರದು. ಗಲಾಟೆ ಮಾಡಿದ್ರೆ ಕಲ್ಲೇ ಇಲ್ಲ ಅಂತಾರೆ. ನೀನ್ ಗಲಾಟೆ ಮಾಡ್ತೀಯಾ?"

ನಾನು ಮಾಡಲಿಲ್ಲ. ಕಾಗದದ ಮೇಲೆ ನನ್ನ ಹೆಸರನ್ನು ಇನ್ನೊಂದು ಸಲ ಓದಿಕೊಂಡೆ. ನನಗೆ ಆಗ ಐವತ್ತೊಂಬತ್ತು. ಅಲ್ಲಿಯ ತನಕ ನನ್ನ ಹೆಸರು ಅಚ್ಚಾದದ್ದು ಶಾಲೆಯ ಕೆಲಸದ ಬಿಲ್ಲೆಯ ಮೇಲೆ ಮಾತ್ರ.

ವಾರದ ಮೇಲೆ ಲೊಂಜೋ ಮನೆಗೆ ಹೋದೆ. ಬಾಗಿಲು ತೆಗೆದದ್ದು ಅರ್ನೆಟ್ಟಾ. ಸಿಹಿಗೆಣಸಿನ ಪೈ ಆಗತಾನೆ ಒಲೆಯಿಂದ ಇಳಿದಿತ್ತು. ಒಂದು ದೊಡ್ಡ ತುಂಡು ಕೊಯ್ದು ನನ್ನ ಮುಂದೆ ಇಟ್ಟಳು.

"ತಿನ್ನು ಟಬ್. ಕಲ್ಲಿನ ಮೇಲೆ ಹೆಸರು ಬರುತ್ತಂತೆ, ದೊಡ್ಡೋನಾದೆ. ದೊಡ್ಡ ಕಲ್ಲೇ ಹುಡುಕಿರ್ಬೇಕು ನಿಂಗೆ."

"ಅರ್ನೆಟ್ಟಾ, ನಾನು..."

"ತಿನ್ನಪ್ಪ. ಮೂವತ್ತೆರಡು ವರ್ಷ ನಮ್ಮನೇಲಿ ತಿಂದಿದೀಯಾ. ಇವತ್ ಮಾತ್ರ ಯಾಕೆ ಗಂಟಲಲ್ಲಿ ಸಿಕ್ಕೊಳ್ತಿದೆ?"

ಲೊಂಜೋ ಒಳಗಿನಿಂದ, "ಬಿಡೇ ಅವನನ್ನ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಬಂದು ಕೂತು ಷೂ ಬಿಚ್ಚಿದ, ಕಾಲು ಒತ್ತಿಕೊಂಡ. ಅಷ್ಟು ಹೊತ್ತಿಗೆ ಫೋನು ಬಂತು. ವರ್ಡೆಲ್. ಸಮಾರಂಭದ ದಿನ ಹಾಡಬೇಕಂತೆ. ಪಾಸ್ಟರ್ ಬರುತ್ತಾರೆ, ಆದರೆ ಹಾಡುವುದಿಲ್ಲವಂತೆ. ಲೊಂಜೋ ಕೇಳಿಸಿಕೊಂಡು, "ಇಲ್ಲ ವರ್ಡೆಲ್. ನಂಗೆ ಸಾಕಾಗಿದೆ," ಎಂದ. ಆಚೆಯಿಂದ ವರ್ಡೆಲ್ ಏನೇನೋ ಹೇಳುತ್ತಿದ್ದ, ನಮಗೂ ಕೇಳಿಸುತ್ತಿತ್ತು. ಲೊಂಜೋ ಎಲ್ಲವನ್ನೂ ಕೊನೆಯ ತನಕ ಕೇಳಿ, "ಸಿಟ್ಟಿಲ್ಲ ಕಣೋ, ಸುಸ್ತು," ಎಂದು ಫೋನ್ ಇಟ್ಟ.

ಜೂನ್ ತಿಂಗಳ ಒಂದು ಶನಿವಾರ, ಬೆಳಗ್ಗೆ ಹನ್ನೊಂದಕ್ಕೆ ಕಲ್ಲಿನ ಮೇಲಿನ ಬಟ್ಟೆ ತೆಗೆದರು. ಪಾಸ್ಟರ್ ಮಬ್ರಿ ಕಪ್ಪು ಸೂಟಿನಲ್ಲಿ ಫೋಟೋಗೆ ನಿಂತ. ಆಮೇಲೆ ನಾವು ಮುದುಕರು ಗಾಯಕನಿಲ್ಲದೆ ಹಾಡನ್ನು ನುಡಿಸಲು ಶುರು ಮಾಡಿದೆವು. ಮೊದಲ ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಬೀದಿಯಲ್ಲಿ ನಿಂತವರೇ ಹಾಡತೊಡಗಿದರು. ಮುನ್ನೂರು ಜನ ಇದ್ದಿರಬಹುದು, ಮಕ್ಕಳು ಮರಿ, ನಡೆಗೋಲು ಹಿಡಿದ ಮುದುಕಿಯರು. ಎರಡನೇ ಚರಣದಲ್ಲಿ ಮುನ್ನೂರು ಜನ ಒಟ್ಟಿಗೆ ಆ ಕೆಮ್ಮನ್ನು ನುಂಗಿದರು. ನಾನು ಟ್ರೋಂಬೋನಿನ ಮೇಲಿಂದ ಪಾಸ್ಟರ್ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

ಕೊನೆಯಲ್ಲಿ ನಾವು ರೆಕಾರ್ಡಿನ ಹಾಗೆ ಥಟ್ಟನೆ ನಿಲ್ಲಿಸಿದೆವು. ಜನ ನಿಲ್ಲಿಸಲಿಲ್ಲ. ನಮ್ಮ ವಾದ್ಯ ಸುಮ್ಮನಾದ ಮೇಲೆ ಅವರೆಲ್ಲ ಕೆಳಗಿನ ದನಿಯಲ್ಲಿ ಗುನುಗಿದರು, ಸಾಲು ಇಳಿದು ಇಳಿದು ಮುಗಿಯುವ ತನಕ. ಆ ಗುನುಗು ರೆಕಾರ್ಡಿನಲ್ಲಿ ಇಲ್ಲ. ಮದುವೆಗಳಲ್ಲಿ, ಪಾರ್ಕಿನಲ್ಲಿ, ಶನಿವಾರಗಳಲ್ಲಿ ಲೊಂಜೋ ಹಾಕುತ್ತಿದ್ದದ್ದು ಅದು. ಅವರಿಗೆ ಅದು ಹಾಡಿನ ಭಾಗವೇ ಆಗಿತ್ತು. ಯಾರದೆಂದು ಅವರು ಕೇಳಿರಲಿಲ್ಲ.

ಲೊಂಜೋ ಅಲ್ಲಿರಲಿಲ್ಲ. ಅವನಿಗೆ ಅವತ್ತು ಊರಿನ ಪೂರ್ವ ಭಾಗದ ಪಾಳಿ. ಸಂಜೆ ನಾನು ಹೋಗಿ ಹೇಳಿದೆ, ಜನ ನಿನ್ನ ಗುನುಗು ಹಾಡಿದರು ಎಂದು.

"ಶ್ರುತಿ ಸರಿಯಾಗಿತ್ತಾ?" ಎಂದು ಕೇಳಿದ.

"ಸುಮಾರಾಗಿತ್ತು."

"ಹೂಂ," ಎಂದು ಒಳಗೆ ಹೋಗಿ ಮಲಗಿದ.

ಅವನು ಮತ್ತೆ ವೇದಿಕೆ ಹತ್ತಲಿಲ್ಲ. ಇನ್ನೂ ಐದು ವರ್ಷ ಬಸ್ಸು ಓಡಿಸಿ ನಿವೃತ್ತನಾದ. ಪಾಸ್ಟರ್ ಮಬ್ರಿ ತೀರಿಕೊಂಡಾಗ ಚರ್ಚಿನವರು ಬಂದು ಹಾಡಬೇಕೆಂದು ಕೇಳಿದರು. ಲೊಂಜೋ ಒಪ್ಪಲಿಲ್ಲ, ಆದರೆ ಪೆಟ್ಟಿಗೆ ಹೊರಲು ಹೆಗಲು ಕೊಟ್ಟ. ಅರ್ನೆಟ್ಟಾಗೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಬೆಳಗ್ಗೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ರಕ್ತ ಶುದ್ಧಿಯಾಗುವ ತನಕ ನಾಲ್ಕು ಗಂಟೆ ಪಕ್ಕದಲ್ಲಿ ಕೂತಿದ್ದು ಕರೆತರುತ್ತಿದ್ದ. ಎರಡು ವರ್ಷ ಹಾಗೆ ನಡೆಯಿತು. ಅವಳೂ ಹೋದಳು.

ಈಗ ಅವನು ಟ್ರಾಟ್‌ವುಡ್‌ನಲ್ಲಿ ಮಗಳ ಮನೆಯಲ್ಲಿದ್ದಾನೆ. ಶುಕ್ರವಾರ ನಾನು ಹೋಗುತ್ತೇನೆ. ಇಬ್ಬರೂ ಮೂಲೆಯ ಅಂಗಡಿಯಿಂದ ಕರಿದ ಮೀನು ತಂದು ಹಿಂದಿನ ಜಗಲಿಯಲ್ಲಿ ಕೂತು ತಿನ್ನುತ್ತೇವೆ. ಮಾತು ಕಡಿಮೆ. ಮೊಣಕಾಲು, ಮಗಳು, ಯಾರು ಸತ್ತರು, ಯಾರು ಇದ್ದಾರೆ. ಹೋದ ತಿಂಗಳು ಒಂದು ಶುಕ್ರವಾರ ನನಗೆ ತಡೆಯಲಾಗಲಿಲ್ಲ.

"ಲೊಂಜೋ, ಆ ಪಟ್ಟಿ ತಂದ ದಿನ ನಾನು ವರ್ಡೆಲ್‌ಗೆ ಹೇಳ್ಬೇಕಿತ್ತು. ನಿನ್ ಹೆಸರಿಲ್ದೆ ನಂದೂ ಬೇಡ ಅಂತ."

ಅವನು ಮೀನಿನ ಮುಳ್ಳು ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ.

"ಹೇಳ್ಬೇಕಿತ್ತು," ಎಂದ.

ಮುಳ್ಳನ್ನು ಬದಿಗಿಟ್ಟು, "ಆ ಖಾರದ ಬಾಟ್ಲಿ ಈ ಕಡೆ ತಳ್ಳು," ಎಂದ. ತಳ್ಳಿದೆ. ಇಬ್ಬರೂ ತಿಂದು ಮುಗಿಸಿದೆವು.